ಏಲಕ್ಕಿ ಕೆರೆ

"ಆಂಟಿ, ಕಾಡಿನ ಮಧ್ಯೆ ಇಷ್ಟು ದೊಡ್ಡ ಕೆರೆ ಇದೆ. ಮತ್ಯಾಕೆ ಅವರೆಲ್ಲ ನೀರಿಲ್ಲ ನೀರಿಲ್ಲ ಅಂತ ಒದ್ದಾಡ್ತಾರೆ?"

ಎರಡನೇ ಮಹಡಿಯ ಹುಡುಗಿ ಬಾಗಿಲಲ್ಲಿ ನಿಂತು ಕೇಳಿದಳು. ಕೈಯಲ್ಲಿ ನನ್ನ 'ದಿ ಹಾಬಿಟ್'. ಟೋಲ್ಕಿನ್ ಅವರ ಪುಸ್ತಕ, 1937ರಲ್ಲಿ ಬಂದದ್ದು. ಅದರಲ್ಲಿ ಹದಿಮೂರು ಜನ ಕುಳ್ಳರು ಮತ್ತು ಬಿಲ್ಬೊ ಮಿರ್ಕ್‌ವುಡ್ ಎಂಬ ಕಾಡು ದಾಟಬೇಕು. ಅಲ್ಲಿ ಹರಿಯುವ ಹಳ್ಳಕ್ಕೆ ಮಾಟ ತಗುಲಿದೆ, ಕುಡಿಯುವ ಹಾಗಿಲ್ಲ. ಒಬ್ಬ ದಢೂತಿ ಅದರೊಳಗೆ ಬಿದ್ದು ದಿನಗಟ್ಟಲೆ ನಿದ್ದೆ ಹೊಡೆಯುತ್ತಾನೆ, ಉಳಿದವರು ಅವನನ್ನು ಹೊತ್ತು ನಡೆಯುತ್ತಾರೆ. ಇಷ್ಟೆಲ್ಲ ಕಷ್ಟದ ನಡುವೆ, ಪುಸ್ತಕದ ನಕ್ಷೆಯಲ್ಲಿ, ಕಾಡಿನ ದಕ್ಷಿಣಕ್ಕೆ, ಹೊಂಬಣ್ಣದ ದುಂಡನೆ ಕೆರೆ. ಹುಡುಗಿ ಅದರ ದಡಕ್ಕೆ ಪೆನ್ಸಿಲ್ಲಿನಲ್ಲಿ ಗೆರೆಯನ್ನೂ ಎಳೆದಿದ್ದಳು.

ಆ ಕೆರೆ ಟೋಲ್ಕಿನ್ ಮಾಡಿದ್ದಲ್ಲ. ನಾನು ಮಾಡಿದ್ದು. ಏಲಕ್ಕಿ ಚಹಾ, ಸಕ್ಕರೆ ಸ್ವಲ್ಪ ಜಾಸ್ತಿ.

ಇದಕ್ಕೆ ಮೂಲ ನನ್ನ ಮದುವೆ. ನಾನು ಮೈಸೂರಿನವಳು. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯದೆ ಕಣ್ಣು ಬಿಡದ ಮನೆತನ. ನಮ್ಮನೆಯವರು ಧಾರವಾಡದವರು. ಚಹಾ ಬೇಡ ಅಂದವರಿಗೆ "ಯಾಕ, ಆರಾಮ ಇಲ್ಲೇನು?" ಎಂದು ಕೇಳುವ ಪೈಕಿ. ಕೊನೆಗೆ ಪಕ್ಷಾಂತರ ಮಾಡಿದ್ದು ನಾನೇ. ಪಕ್ಷಾಂತರ ಮಾಡಿದವರಿಗೆ ಉತ್ಸಾಹ ಜಾಸ್ತಿ ನೋಡಿ. ಅವರು ಹುಟ್ಟಿದಾಗಿನಿಂದ ಬರೀ ಶುಂಠಿ ಚಹಾದಲ್ಲೇ ಇದ್ದಾರೆ. ನಾನು ಎರಡೇ ವರ್ಷದಲ್ಲಿ ಚಕ್ಕೆ, ಲವಂಗ, ಗುಲಾಬಿ ಪಕಳೆ, ಮಜ್ಜಿಗೆ ಹುಲ್ಲು ಎಲ್ಲ ದಾಟಿ ಮುಂದೆ ಹೋದೆ.

ಅಮೆರಿಕದಲ್ಲಿರುವ ನನ್ನ ತಮ್ಮನ ಮಗ ಒಮ್ಮೆ ಒಂದು ಡಬ್ಬಿ ತಂದುಕೊಟ್ಟ. ಮೇಲೆ 'ವೆನಿಲಾ ಚಾಯ್ ಟೀ' ಎಂದಿತ್ತು. ಅಲ್ಲಿ ಮಸಾಲೆ ಬಿದ್ದರೆ ಅದು ಚಾಯ್, ಇಲ್ಲದಿದ್ದರೆ ಬರೀ ಟೀ. ನಮ್ಮನೆಯವರು ಕನ್ನಡಕ ಹಾಕಿಕೊಂಡು ಓದಿ, "ಚಾಯ್ ಟೀ ಅಂದ್ರ ಚಹಾ ಚಹಾ. ಒಂದು ತೊಗೊಂಡ್ರ ಇನ್ನೊಂದು ಫುಕಟ್ಟೇನು?" ಎಂದರು. ಅತ್ತೆ ಒಂದು ಗುಟುಕು ಕುಡಿದು, ಇದರಲ್ಲಿ ಐಸ್‌ಕ್ರೀಮ್ ಕರಗಿ ಬಿದ್ದಿದೆ ಎಂದು ತೀರ್ಪು ಕೊಟ್ಟು ಬಸಿಯನ್ನು ಪಕ್ಕಕ್ಕಿಟ್ಟರು.

ಪುಸ್ತಕದ ವಿಷಯಕ್ಕೆ ಬರುತ್ತೇನೆ. ಮಕ್ಕಳ ಮಾಯಾಲೋಕದ ಪುಸ್ತಕ ಕೂಡಿಡುವುದು ನನ್ನ ಹಳೇ ಚಟ. ಚಂದಮಾಮ ಓದಿ ಬೆಳೆದವಳು. ಬೇಸಿಗೆ ರಜೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳೆಲ್ಲ ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಕೂತಿರುವುದನ್ನು ನೋಡಿ, ತಡೆಯಲಾರದೆ ಒಂದು ಕಪಾಟು ಬಿಟ್ಟುಕೊಟ್ಟೆ. ಯಾರು ಏನು ಬೇಕಾದರೂ ಒಯ್ಯಬಹುದು ಎಂದೆ. ಒಯ್ದರು. ತರುವ ಮಾತು ನಾನು ಆಡಿರಲಿಲ್ಲ, ಹಾಗಾಗಿ ಯಾರೂ ತರಲಿಲ್ಲ.

ಛಲ ಬಿಡದ ತ್ರಿವಿಕ್ರಮ ಯಾಕೆ ಮತ್ತೆ ಮತ್ತೆ ಮರದ ಹತ್ತಿರ ಹೋಗುತ್ತಿದ್ದ ಎಂದು ನನಗೆ ಆಗ ಅರ್ಥವಾಯಿತು. ಪ್ರತಿ ಭಾನುವಾರ ಮನೆ ಮನೆಗೆ ಹೋಗಿ ಪುಸ್ತಕ ಹೊತ್ತು ತರುವುದು. ಸುಮ್ನೆ ತಂದರೆ ಬಂತು. ಬಾಯಿ ಬಿಟ್ಟು "ಕಥೆ ಹೇಗಿತ್ತಪ್ಪಾ?" ಎಂದು ಕೇಳಿದಿರೋ ಮುಗಿಯಿತು. "ಇನ್ನೂ ಎರಡು ಅಧ್ಯಾಯ ಇದೆ ಆಂಟಿ" ಎನ್ನುತ್ತಾರೆ, ಪುಸ್ತಕ ವಾಪಸ್ ಮರಕ್ಕೆ.

ಓಡಾಟ ತಪ್ಪಿಸಲು ಒಂದು ಉಪಾಯ ಹೂಡಿದೆ. ಪುಸ್ತಕ ತಂದು ಕೊಟ್ಟವರಿಗೆ ಮಾಯದ ಚಹಾ. ಶಂಖಪುಷ್ಪದ ಒಣಗಿದ ಹೂವನ್ನು ಬಿಸಿನೀರಿಗೆ ಹಾಕಿದರೆ ಕಡುನೀಲಿ ಬಣ್ಣ ಬಿಡುತ್ತದೆ. ಮೇಲೆ ನಾಲ್ಕು ಹನಿ ನಿಂಬೆರಸ ಬಿದ್ದರೆ ನೇರಳೆ. ಹುಳಿ ತಾಗಿದರೆ ಆ ಹೂವಿನ ಬಣ್ಣವೇ ಬದಲಾಗುತ್ತದೆ, ಅಷ್ಟೇ. ಆದರೆ ಮಕ್ಕಳ ಮುಂದೆ ಅದನ್ನೆಲ್ಲ ಹೇಳುತ್ತಾರಾ? ಕರ್ಟನ್ ಎಳೆದು, ಗಾಜಿನ ಲೋಟ ಇಟ್ಟು, ಏನೋ ಗೊಣಗಿ ನಿಂಬೆ ಹಿಂಡಿದೆ. ಏಳು ಮಕ್ಕಳು ಒಟ್ಟಿಗೆ "ಓ" ಎಂದರು. ಜನ್ಮ ಸಾರ್ಥಕ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಒಬ್ಬ ಪೋರ "ಹಾಲು ಹಾಕಿದ್ರೆ ಯಾವ ಬಣ್ಣ ಬರುತ್ತೆ?" ಎಂದ. ಗೆದ್ದ ಜೋರಿನಲ್ಲಿ ಸುರಿದೇಬಿಟ್ಟೆ. ನಿಂಬೆ ಹಿಂಡಿದ ಬಿಸಿ ನೀರು, ಅದರ ಮೇಲೆ ಹಾಲು. ಕ್ಷಣದಲ್ಲಿ ಒಡೆದು, ನೇರಳೆ ನೀರಿನಲ್ಲಿ ಬಿಳಿ ಚೂರುಗಳು ತೇಲತೊಡಗಿದವು. "ಪನೀರ್!" ಎಂದು ಪೋರ ಕುಣಿದ. ಅತ್ತೆ ಒಳಗಿನಿಂದ ಬಂದು ಲೋಟ ನೋಡಿ, ಮಕ್ಕಳಿಗೆಲ್ಲ ಚಕ್ಕುಲಿ ಹಂಚಿ ಮನೆಗೆ ಕಳಿಸಿದರು.

ಆವತ್ತು ಸಂಜೆ ಬೇಜಾರಿನಲ್ಲಿ ಏಲಕ್ಕಿ ಜಜ್ಜಿ ಹಾಕಿ ನನಗೊಂದು ಲೋಟ ಚಹಾ ಮಾಡಿಕೊಂಡೆ. ಹಾಬಿಟ್ ತೆಗೆದು ಮೊದಲ ಅಧ್ಯಾಯಕ್ಕೆ ಕೂತೆ. ಅಲ್ಲೂ ಇದೇ ಗೋಳು. ಪಾಪ, ಬಿಲ್ಬೊ ಒಬ್ಬರನ್ನು ಚಹಾಕ್ಕೆ ಕರೆದರೆ ಗುಂಪಿಗೆ ಗುಂಪೇ ಬಂದು ಅವನ ಉಗ್ರಾಣ ಖಾಲಿ ಮಾಡುತ್ತದೆ. ಬಂದವರಲ್ಲಿ ಒಬ್ಬ ಕಾಫಿ ಕೇಳುತ್ತಾನೆ. ಅವನು ಮೈಸೂರಿನವನೇ ಇರಬೇಕು. ನಗು ಬಂತು, ಕೈ ಅಲುಗಿತು, ದಾರಿ ನೋಡೋಣವೆಂದು ಬಿಡಿಸಿಟ್ಟಿದ್ದ ನಕ್ಷೆಯ ಮೇಲೆ ಕೆರೆ ತುಂಬಿತು.

ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಯಾರಿಗೂ ಹೇಳದೆ ಕಪಾಟಿನಲ್ಲಿಟ್ಟಿದ್ದೆ.

ಈಗ ಈ ಹುಡುಗಿ ಉತ್ತರಕ್ಕೆ ಕಾಯುತ್ತಿದ್ದಾಳೆ. ನಿಜ ಹೇಳಲು ಮರ್ಯಾದೆ ಅಡ್ಡ ಬಂತು. "ಆ ಕೆರೆ ಅವರಿಗೆ ಕಾಣಿಸಲ್ಲಮ್ಮ. ಅದಕ್ಕೂ ಮಾಟ" ಎಂದೆ. ಅವಳು ನಕ್ಷೆಯನ್ನು ಮೂಗಿಗೆ ಹಿಡಿದು ಮೂಸಿದಳು. ನನ್ನನ್ನು ನೋಡಿದಳು. ಏನೂ ಹೇಳದೆ ಮೇಲೆ ಹೋದಳು.

ವಾರದೊಳಗೆ ಆ ಪುಸ್ತಕಕ್ಕೆ ಸರದಿ ಶುರುವಾಯಿತು. ಕೆರೆಯ ಪಕ್ಕ ಯಾರೋ ನೀಲಿ ಪೆನ್ನಿನಲ್ಲಿ 'ಏಲಕ್ಕಿ ಕೆರೆ' ಎಂದು ಬರೆದರು. ಇನ್ಯಾರೋ ಒಂದು ಮೀನು ಬಿಟ್ಟರು. ಬೈಂಡಿಂಗ್ ಬಿಟ್ಟುಕೊಂಡು ಹಾಳೆ ಉದುರತೊಡಗಿದಾಗ, ಪಾಪ ಅನ್ನಿಸಿ ಹೊಸ ಪ್ರತಿ ತಂದೆ. ಎಲ್ಲರೂ ಮೊದಲು ನಕ್ಷೆ ತೆಗೆದು ನೋಡಿದರು.

"ಇದರಲ್ಲಿ ಕೆರೆ ಇಲ್ಲ" ಎಂದು ಪನೀರ್ ಪೋರ ವಾಪಸ್ ಕೊಟ್ಟ.

ಸರಿ, ಏಲಕ್ಕಿ ಜಜ್ಜಿದೆ. ಚಹಾ ಕುದಿಸಿದೆ. ಏಳು ಮಕ್ಕಳು ಸುತ್ತ ಕೂತರು. ಹೊಸ ನಕ್ಷೆಯ ಮೇಲೆ ಲೋಟ ಹಿಡಿದೆ. ಇಪ್ಪತ್ತು ವರ್ಷದಿಂದ ಸೀರೆ, ಸೋಫಾ, ಕರೆಂಟ್ ಬಿಲ್ಲು ಯಾವುದನ್ನೂ ಬಿಡದೆ ಚೆಲ್ಲಿಕೊಂಡು ಬಂದ ಕೈ. ಅವತ್ತು ಒಂದು ಹನಿ ಬೀಳಲಿಲ್ಲ.

"ಆಂಟಿ, ನಗಿ" ಎಂದಳು ಎರಡನೇ ಮಹಡಿಯ ಹುಡುಗಿ.