ಸತ್ಯಾಂಶ: ಆ್ಯಪ್‌ಗಳನ್ನು ಆಗಾಗ ಮುಚ್ಚಿದರೆ ಬ್ಯಾಟರಿ ಉಳಿಯುತ್ತಾ?

‘ನೀವು ಮುಚ್ಚದ ಆ್ಯಪ್‌ಗಳೆಲ್ಲ ಒಳಗೇ ಓಡುತ್ತಿರುತ್ತವೆ. ಗಂಟೆಗೊಮ್ಮೆ ಎಲ್ಲವನ್ನೂ ತೆಗೆದುಹಾಕಿ.’ ಬಾಗಲಕೋಟೆಯ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಸುತ್ತುವ ಈ ಮಾತು ತಪ್ಪು.

ಫೋನಿನ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ 8 ಕೋರ್, ಅಂದರೆ ಕೆಲಸ ಮಾಡುವ ಘಟಕಗಳು, ಇರುತ್ತವೆ. ಒಂದು ಕೋರ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಪ್ರೋಗ್ರಾಂಗಳೋ ನೂರಾರು. ಹಾಗಾಗಿ ಆಪರೇಟಿಂಗ್ ಸಿಸ್ಟಂ (ಫೋನನ್ನು ನಡೆಸುವ ಆಂಡ್ರಾಯ್ಡ್‌ನಂಥ ಮೂಲ ಸಾಫ್ಟ್‌ವೇರ್) ಒಂದೊಂದಕ್ಕೂ ಕೆಲವೇ ಮಿಲಿಸೆಕೆಂಡ್ ಕೊಡುತ್ತದೆ. ಎಲ್ಲಿಗೆ ನಿಂತಿತು ಅಂತ ಬರೆದಿಟ್ಟುಕೊಂಡು ಮುಂದಿನದಕ್ಕೆ ಹೋಗುತ್ತದೆ. ನಮ್ಮ ಖಾನಾವಳಿಯಲ್ಲಿ ಒಬ್ಬರೇ ಅಕ್ಕ ಒಂದು ರೊಟ್ಟಿ ಬಡಿಯುತ್ತಲೇ ಹಂಚಿನ ಮೇಲಿನದನ್ನು ತಿರುವುತ್ತಾರಲ್ಲ, ಹಾಗೆ. ಇದು ಎಷ್ಟು ಬೇಗ ನಡೆಯುತ್ತದೆಂದರೆ, ಎಲ್ಲವೂ ಒಟ್ಟಿಗೇ ಓಡುತ್ತಿವೆ ಅಂತ ನಮಗೆ ಅನಿಸುತ್ತದೆ.

ಮುಖ್ಯ ವಿಷಯ ಇಲ್ಲಿದೆ. ಕೆಲಸವಿಲ್ಲದ ಪ್ರೋಗ್ರಾಂಗೆ ಸರದಿಯೇ ಬರುವುದಿಲ್ಲ. ‘ರೀಸೆಂಟ್’ ಪಟ್ಟಿಯಲ್ಲಿ ಕಾಣುವುದು ನೀವು ಈಚೆಗೆ ತೆರೆದ ಆ್ಯಪ್‌ಗಳು, ಈಗ ಓಡುತ್ತಿರುವವಲ್ಲ. ಹೆಚ್ಚಿನವು ಮೆಮೊರಿಯಲ್ಲಿ ಸುಮ್ನೆ ಕೂತಿರುತ್ತವೆ. ಜಾಗ ಸಾಲದಿದ್ದರೆ ಆಂಡ್ರಾಯ್ಡ್ ತಾನೇ ಅವನ್ನು ತೆಗೆಯುತ್ತದೆ. ನೀವೇ ಮುಚ್ಚಿದರೆ ಮತ್ತೆ ಮೊದಲಿನಿಂದ ತೆರೆಯಬೇಕು, ಅದಕ್ಕೇ ಬ್ಯಾಟರಿ ಜಾಸ್ತಿ ಬೇಕು, ಅಲ್ವಾ? ಬ್ಯಾಟರಿಗಾಗಿ ಆ್ಯಪ್ ಮುಚ್ಚಬೇಕಿಲ್ಲ ಎಂದು 2016ರಲ್ಲೇ ಐಫೋನ್ ಕಂಪನಿ ಆ್ಯಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥರಾಗಿದ್ದ ಕ್ರೇಗ್ ಫೆಡರಿಘಿ ಹೇಳಿದ್ದರು.

ಮ್ಯಾಪ್‌ನಲ್ಲಿ ದಾರಿ ನೋಡುವುದು, ಹಾಡು, ಡೌನ್‌ಲೋಡ್‌ನಂಥ ಕೆಲವು ಮಾತ್ರ ತೆರೆಯ ಹಿಂದೆ ನಿಜವಾಗಿಯೂ ಓಡುತ್ತವೆ. ಬಾದಾಮಿ ತಲುಪಿದ ಮೇಲೆ ಮ್ಯಾಪ್ ನಿಲ್ಲಿಸಿ. ಆ್ಯಪ್ ಕೆಟ್ಟು ನಿಂತರೂ ಮುಚ್ಚಿ. ಯಾವುದು ಹೆಚ್ಚು ತಿನ್ನುತ್ತಿದೆ ಅಂತ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಕಾಣುತ್ತದೆ.