ಕೀ ಮರೆತವರಿಗೆ ಬುದ್ಧಿವಾದ ಫ್ರೀ

ಆ ಫೋಟೋ ನಿಮಗೂ ಗೊತ್ತು. ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಕಳವಿನ ಬೈಕುಗಳು. ಕೈ ಹಿಂದೆ ಕಟ್ಟಿಕೊಂಡು ಅವುಗಳ ನಡುವೆ ನಡೆಯುವ ಸಾಹೇಬರು. ಮೂಲೆಯಲ್ಲಿ ಮುಖಕ್ಕೆ ಮುಸುಕು ಹಾಕಿಸಿಕೊಂಡ ಇಬ್ಬರು ಹುಡುಗರು. ಸುದ್ದಿಯ ಕೊನೆಯ ಪ್ಯಾರಾದಲ್ಲಿ ತಪ್ಪದೇ ಒಂದು ಬುದ್ಧಿಮಾತು: ಸಾರ್ವಜನಿಕರು ಗಾಡಿಯಲ್ಲೇ ಕೀ ಬಿಟ್ಟು ಹೋಗಬಾರದು, ಒಳ್ಳೆಯ ಅಭ್ಯಾಸ ಬೆಳೆಸಿಕೊಳ್ಳಬೇಕು.

ಮೊನ್ನೆ ಮತ್ತೆ ಬಂದಿತ್ತು. ಬೈಕುಗಳು ಬೇರೆ, ಪ್ಯಾರಾ ಅದೇ.

ಸಲಹೆ ಒಳ್ಳೆಯದೇ, ಇಲ್ಲ ಅನ್ನೋಕಾಗಲ್ಲ. ನಮ್ಮಲ್ಲಿ ಅಭ್ಯಾಸಗಳು ಕಡಿಮೆ ಇದ್ದವು ನೋಡಿ. ಗುಂಡಿ ನೋಡಿಕೊಂಡು ಓಡಿಸೋದು ಅಭ್ಯಾಸ ಆಯ್ತು. ಒನ್‌ವೇಯಲ್ಲಿ ಎದುರಿಗೆ ಬರುವವರಿಗೆ ನಾವೇ ದಾರಿ ಬಿಡೋದು ಅಭ್ಯಾಸ ಆಯ್ತು. 2023ರಲ್ಲಿ ಹಳೇ ಗಾಡಿಗಳಿಗೆಲ್ಲ ಎಚ್‌ಎಸ್‌ಆರ್‌ಪಿ ಅನ್ನೋ ಹೊಸ ನಂಬರ್ ಪ್ಲೇಟು ಹಾಕಿಸಿ ಅಂದರು. ಕಳ್ಳತನ ತಡೆಯೋಕೆ ಅಂತಲೇ ಹೇಳಿದ್ದರು, ನೆನಪಿದೆಯಲ್ವಾ? ಬಿಚ್ಚೋಕೇ ಬಾರದ ಪ್ಲೇಟು, ಲೇಸರಿನಲ್ಲಿ ಕೊರೆದ ನಂಬರು. ಗಡುವು ಮುಂದೆ ಹೋಯಿತು, ಮತ್ತೂ ಮುಂದೆ ಹೋಯಿತು, ಕೊನೆಗೆ ದುಡ್ಡು ಕಟ್ಟಿ ಹಾಕಿಸಿಕೊಂಡೆವು. ಈಗ ನೋಡಿದರೆ ಎಲ್ಲ ಇರೋದು ಕೀಯಲ್ಲೇ ಅಂತೆ.

ಈ ಮಾತು ಬಂದಾಗೆಲ್ಲ ನನಗೆ ಅಣ್ಣಿಗೇರಿಯ ಜೀಪು ನೆನಪಾಗುತ್ತದೆ. ಧಾರವಾಡ ಜಿಲ್ಲೆಯ ಅಣ್ಣಿಗೇರಿ. ಆದಿಕವಿ ಪಂಪನ ಊರು ಅಂತ ಅಲ್ಲಿಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2022ರ ಫೆಬ್ರವರಿಯ ಒಂದು ಬೆಳಗಿನ ಜಾವ. ಠಾಣೆಯ ಮುಂದೆ ಪೊಲೀಸರದೇ ಬೊಲೆರೊ ನಿಂತಿದೆ. ಬಾಗಿಲು ಲಾಕ್ ಆಗಿರಲಿಲ್ಲ, ಕೀ ಗಾಡಿಯಲ್ಲೇ ಇತ್ತು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಲಾರಿ ಓಡಿಸಿ ಬದುಕುವ ಒಬ್ಬ ಮನುಷ್ಯ ಬಂದ, ಹತ್ತಿದ, ಹೊರಟೇಬಿಟ್ಟ. ನೂರು ಕಿಲೋಮೀಟರಿಗೂ ಜಾಸ್ತಿ ಓಡಿಸಿಕೊಂಡು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರು ಮುಟ್ಟಿದ. ಸಿಕ್ಕಿಬಿದ್ದ ಮೇಲೆ ಕಾರಣ ಕೇಳಿದರೆ, ಪೊಲೀಸ್ ಗಾಡಿ ಓಡಿಸಬೇಕು ಅಂತ ಆಸೆ ಇತ್ತು ಅಂದನಂತೆ.

ಮಾರೋ ಯೋಚನೆ ಇಲ್ಲ, ಬಿಡಿಭಾಗ ಮಾಡೋ ಯೋಚನೆ ಇಲ್ಲ. ಬರೀ ಆಸೆ. ಅಷ್ಟು ದೂರ ಲೈಸೆನ್ಸ್ ಎಲ್ಲಿ, ಎಮಿಷನ್ ಎಲ್ಲಿ ಅಂತ ಒಬ್ಬರೂ ಕೇಳದೆ ಹೋಗೋದು ಅಂದರೆ ಏನು ಸುಖ! ದಾರಿಯಲ್ಲಿ ಯಾರಾದರೂ ಸೆಲ್ಯೂಟ್ ಹೊಡೆದಿದ್ದರೂ ಆಶ್ಚರ್ಯವಿಲ್ಲ. ಅಲ್ಲಿ ಕೀ ಬಿಟ್ಟವರ ಮೇಲೆ ನನಗೆ ಸಿಟ್ಟೇನಿಲ್ಲ. ರಾತ್ರಿ ಡ್ಯೂಟಿ, ಯಾವಾಗ ಕರೆ ಬರುತ್ತೋ ಗೊತ್ತಿಲ್ಲ, ಕೀ ಗಾಡಿಯಲ್ಲೇ ಇದ್ದರೆ ಓಡೋಕೆ ಸಲೀಸು. ಮನುಷ್ಯ ಅಂದಮೇಲೆ ಮರೀತಾನೆ. ಆದರೆ ಪೊಲೀಸರು ಮರೆತರೆ ಅದು ಕೆಲಸದ ಒತ್ತಡ. ಹಾಲು ತರೋಕೆ ಹೋದ ಮೇಷ್ಟ್ರು ಮರೆತರೆ ನಿರ್ಲಕ್ಷ್ಯ.

ಇನ್ನು ಈ ಅಭ್ಯಾಸ ಬೆಳೆಸಿಕೊಳ್ಳೋದು ಹೇಗೆ? ಫೋನಿನಲ್ಲಿ ಗುರುಗಳಿಗೆ ಬರವಿಲ್ಲ. 21 ದಿನ ಬಿಡದೇ ಮಾಡಿ, ಅಭ್ಯಾಸ ಆಗಿಬಿಡುತ್ತೆ ಅನ್ನುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಇದನ್ನು ನಿಜವಾಗಿಯೂ ಅಳೆದು ನೋಡಿದ್ದಾರೆ. ಒಂದು ಅಭ್ಯಾಸ ಮೈಗೂಡೋಕೆ ಸರಾಸರಿ 66 ದಿನ ಬೇಕಂತೆ. ಕೆಲವರಿಗೆ 18 ಸಾಕು, ಕೆಲವರಿಗೆ 254 ದಿನ ಹಿಡಿದೀತು ಅಂತ ಅವರ ಲೆಕ್ಕ. ಆಗಲಿ. ಆದರೆ ಅಭ್ಯಾಸ ಮಾಡೋಕೆ 254 ದಿನ ಗಾಡಿ ನಮ್ಮ ಹತ್ತಿರ ಇರಬೇಕಲ್ಲ ಸ್ವಾಮಿ.

ಜಪಾನಿನ ರೈಲ್ವೆಯವರ ವಿದ್ಯೆಯನ್ನೂ ಒಬ್ಬರು ಬೋಧಿಸುತ್ತಿದ್ದರು. ಅಲ್ಲಿ ಡ್ರೈವರು ಸಿಗ್ನಲ್ಲಿನ ಕಡೆ ಬೆರಳು ತೋರಿಸಿ, ಬಾಯಿಬಿಟ್ಟು ಜೋರಾಗಿ ಹೇಳಿಯೇ ಮುಂದೆ ಹೋಗೋದು. ತಪ್ಪು ಕಡಿಮೆ ಆಗುತ್ತವೆ, ಅದು ಸುಳ್ಳಲ್ಲ. ಹಾಗೇ ನೀವೂ ಗಾಡಿ ಇಳಿದ ತಕ್ಷಣ ಕೀ ಕಡೆ ಬೆರಳು ಮಾಡಿ 'ಕೀ!' ಅಂತ ಕೂಗಿ ಅಂದರು. ಮಲ್ಲೇಶ್ವರ 8ನೇ ಕ್ರಾಸಿನಲ್ಲಿ ನಿಂತು ಕೂಗಿದರೆ ಯಾರೂ ತಿರುಗಿ ನೋಡಲ್ಲ, ಕಿವಿಗೆ ಬ್ಲೂಟೂತ್ ಹಾಕಿಕೊಂಡು ಎಲ್ಲರೂ ಕೂಗ್ತಾನೇ ಇರುತ್ತಾರೆ. ಅಷ್ಟಕ್ಕೂ ಈ ವಿದ್ಯೆಗೆ ಜಪಾನ್ ಯಾಕೆ ಬೇಕು? ನಮ್ಮ ಕಂಡಕ್ಟರುಗಳು 'ಹೋಲ್ಡಾನ್', 'ರೈಟ್ ರೈಟ್' ಅಂತ ಕೂಗಿಕೊಂಡೇ ರಾಜ್ಯ ನಡೆಸಿದ್ದಾರೆ. ನಮ್ಮ ಜನ ಇನ್ನೂ ಮುಂದೆ. ಇಲ್ಲಿ ಮರೆತವನ ಬದಲು ಪಕ್ಕದವನೇ ಕೂಗುತ್ತಾನೆ. 'ಸ್ಟ್ಯಾಂಡ್, ಸ್ಟ್ಯಾಂಡ್!' ಅಂತ ಅರ್ಧ ಕಿಲೋಮೀಟರು ಬೆನ್ನು ಹತ್ತಿ ಬಂದು ಹೇಳಿ ಹೋಗುವವರನ್ನು ಬೇರೆ ಯಾವ ದೇಶದಲ್ಲಿ ನೋಡಿದ್ದೀರಿ? 'ಸೆರಗು ಚಕ್ರಕ್ಕೆ ಸಿಗುತ್ತಮ್ಮ', 'ಲೈಟ್ ಆನಿದೆ', 'ಕೀ ಬಿಟ್ಟೋಗ್ತಿದೀರ ಸಾರ್'. ಇಲಾಖೆ ಇಲ್ಲ, ಬಜೆಟ್ ಇಲ್ಲ, ಸಚಿವರಿಲ್ಲ. ಅದಕ್ಕೇ ಚೆನ್ನಾಗಿ ನಡೀತಿದೆ.

ನಂದಿನಿ ಬೂತಿನ ಮುಂದೆ ಬೆಳಗ್ಗೆ ಆರಕ್ಕೆ ಒಂದು ಸಲ ನಿಂತು ನೋಡಿ. ಸ್ಕೂಟರು ನಿಂತಿರುತ್ತದೆ, ಕೀ ಅಲ್ಲೇ. ಅದರಿಂದ ಧರ್ಮಸ್ಥಳದ ಕೀ ಚೈನು ತೂಗಾಡುತ್ತಿರುತ್ತದೆ, ಅದೇ ಗೊಂಚಲಲ್ಲಿ ಮನೆ ಕೀ, ಬೀರುವಿನ ಕೀ. 'ಎರಡೇ ನಿಮಿಷ ಅಲ್ವಾ.' ಆಮೇಲೆ ಡಿಕ್ಕಿ. ಹಾಲು, ಮೊಸರು, ಸೊಪ್ಪು ಒಳಗಿಡುವಾಗ ಕೈಯಲ್ಲಿದ್ದ ಕೀಯನ್ನೂ ಸೊಪ್ಪಿನ ಮೇಲಿಟ್ಟು ಸೀಟು ಅದುಮಿದರೆ ಟಕ್. ಸೀಟು ತನ್ನಷ್ಟಕ್ಕೇ ಲಾಕ್. ಈಗ ಐದಾರು ಜನ ಸೇರುತ್ತಾರೆ. ಇಬ್ಬರು ಸೀಟಿನ ಹಿಂಭಾಗ ಎತ್ತಿ ಹಿಡೀತಾರೆ, ಕೈ ಸಣ್ಣಗಿರುವ ಪೇಪರ್ ಹುಡುಗ ಸಂದಿಯಲ್ಲಿ ಮೊಣಕೈವರೆಗೆ ತೂರಿಸುತ್ತಾನೆ. ಮೊದಲು ಮೊಸರಿನ ಪ್ಯಾಕೆಟ್ಟು ಸಿಗುತ್ತೆ, ಆಮೇಲೆ ಕೀ. ಎಲ್ಲರಿಗೂ ಖುಷಿ. ಲಕ್ಷ ರೂಪಾಯಿಯ ಗಾಡಿಯ ಡಿಕ್ಕಿಯನ್ನು ಒಬ್ಬ ಹುಡುಗ ಅರ್ಧ ನಿಮಿಷದಲ್ಲಿ ತೆಗೆದನಲ್ಲ ಅಂತ ಮಾತ್ರ ಯಾರೂ ಯೋಚಿಸಲ್ಲ.

ಕೆಲಸ ಮುಗಿಯಿತು ಅನ್ನಿಸಿದ ಮೇಲೆ ಉಳಿಯುವ ಕಡೇ ಹೆಜ್ಜೆಯನ್ನು ತಲೆ ಬಿಟ್ಟುಬಿಡುತ್ತದೆ, ಯಾರ ತಲೆಯಾದರೂ ಸರಿ. ಎಟಿಎಂ ಬಂದ ಹೊಸದರಲ್ಲಿ ಮೊದಲು ದುಡ್ಡು, ಆಮೇಲೆ ಕಾರ್ಡು ಬರುತ್ತಿತ್ತು. ಜನ ದುಡ್ಡು ಎಣಿಸಿಕೊಂಡು ಕಾರ್ಡು ಅಲ್ಲೇ ಬಿಟ್ಟು ಹೋದರು. ಆಗ ಜನರಿಗೆ ಅಭ್ಯಾಸದ ಪಾಠ ಹೇಳುತ್ತ ಕೂರಲಿಲ್ಲ. ಕಾರ್ಡು ತೆಗೆದುಕೊಂಡರೇ ದುಡ್ಡು ಅಂತ ಯಂತ್ರವನ್ನೇ ಬದಲಾಯಿಸಿದರು. ಈಗಿನ ಎಷ್ಟೋ ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ತೆಗೆಯದೇ ಗೇರ್ ಹಾಕಿದರೆ ಇಂಜಿನ್ನೇ ನಿಲ್ಲುತ್ತದೆ. ಸ್ಟ್ಯಾಂಡಿಗೆ ಬಂದ ಬುದ್ಧಿ ಕೀಗೆ ಯಾಕೆ ಬರಲಿಲ್ಲ? ಸ್ಟ್ಯಾಂಡ್ ಮರೆತರೆ ಬೈಕಿನ ಜೊತೆ ಜನ ಬೀಳ್ತಾರೆ. ಗಾಡಿ ಕಳವಾದರೆ ಕಂಪನಿಗೆ ಇನ್ನೊಂದು ಗಾಡಿ ವ್ಯಾಪಾರ.

ಕೀ ವಿಷಯದಲ್ಲಿ ಇನ್ನೊಂದು ಅಭ್ಯಾಸವೂ ಇತ್ತು, ನಮ್ಮದಲ್ಲ, ಪೊಲೀಸರದು. ಗಾಡಿಗೆ ಕೈ ಅಡ್ಡ ಹಿಡಿದು, ನಿಲ್ಲಿಸುವ ಮೊದಲೇ ಕೀ ಕಿತ್ತುಕೊಳ್ಳುವುದು. ಅದಕ್ಕೆ ಯಾವ ಕಾಯ್ದೆ ಅಂತ ಕೇಳಿದವರಿಗೆ ದಂಡ ಜಾಸ್ತಿ ಆಗುತ್ತಿತ್ತು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಪುಟ್ಟ ಮಗುವನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಅಂತ ತಡೆದರು. ಬಿದ್ದರು. ಮಗು ಹೋಯಿತು. ಆಮೇಲೆ ಗಾಡಿಗೆ ದಿಢೀರನೆ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಅಂತ ಮೇಲಿನಿಂದ ಆದೇಶ ಬಂತು. ಇದನ್ನು ಹೇಳೋಕೆ ಒಂದು ಆದೇಶ ಬೇಕಾಯಿತು. ಅದೂ ಆಮೇಲೆ. ಇದರ ಬಗ್ಗೆ ತಮಾಷೆ ಮಾಡೋ ಮನಸ್ಸು ನನಗಿಲ್ಲ.

ಇನ್ನು ಉಳಿದಿದ್ದು ಇನ್ಶೂರೆನ್ಸು. ಕೀ ಬಿಟ್ಟು ಹೋದವನಿಗೆ ಬಿಡಿಗಾಸೂ ಇಲ್ಲ ಅನ್ನೋದು ಕಂಪನಿಗಳ ಹಳೇ ವಾದ. ಡ್ರೈವರು ಕೀ ಬಿಟ್ಟು ಇಳಿದಾಗ ಕಳವಾದ ಒಂದು ಲಾರಿಯ ಕೇಸು ಗ್ರಾಹಕ ಆಯೋಗಗಳ ಮೆಟ್ಟಿಲು ಹತ್ತಿ ಇಳಿದು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. 2023ರಲ್ಲಿ ಕೋರ್ಟು, ಇಷ್ಟಕ್ಕೆ ಪೂರ್ತಿ ಕೈ ಎತ್ತೋ ಹಾಗಿಲ್ಲ, ಶೇ. 75ರಷ್ಟು ಕೊಡಿ ಅಂತು. ಅಂದರೆ ಮರೆವಿನ ಬೆಲೆ ಕಾಲು ಭಾಗ. ಆ ಮುಕ್ಕಾಲು ಭಾಗಕ್ಕೆ ದೆಹಲಿವರೆಗೆ ಅಲೆದ ಖರ್ಚು ಬೇರೆ.

ನಾವು ದೆಹಲಿವರೆಗೆ ಹೋಗುವ ಪೈಕಿ ಅಲ್ಲ. ನಮ್ಮದು ಇಲ್ಲೇ ಇನ್ಶೂರೆನ್ಸ್ ಕಂಪನಿಯ ಕೌಂಟರಿನಲ್ಲಿ. ಗಾಡಿ ಕಳೆದುಕೊಂಡವನನ್ನು ಕೂರಿಸಿ ಅಲ್ಲಿ ಕೇಳುವ ಮೊದಲ ಪ್ರಶ್ನೆ: 'ಎರಡೂ ಒರಿಜಿನಲ್ ಕೀ ತಂದಿದೀರಾ?' ಒಂದೇ ಇದೆ ಅಂದರೆ, 'ಇನ್ನೊಂದು ಗಾಡಿಯಲ್ಲೇ ಬಿಟ್ಟಿದ್ರಿ ಹಾಗಾದ್ರೆ' ಅಂತ ಬರೆದುಕೊಳ್ಳುತ್ತಾರೆ. ಹ್ಯಾಂಡಲ್ ಲಾಕ್ ಒದ್ದು ಮುರಿದುಕೊಂಡು ಹೋದ ಕೇಸು, ಎರಡೂ ಕೀ ಇದೆ ಅಂತ ಟೇಬಲ್ ಮೇಲಿಟ್ಟರೆ ಕೌಂಟರಿನ ಮನುಷ್ಯ ಎರಡನ್ನೂ ಎತ್ತಿ, ತಿರುಗಿಸಿ ನೋಡಿ, ಕನ್ನಡಕದ ಮೇಲಿನಿಂದ ಕೇಳುತ್ತಾರೆ: 'ಎರಡೂ ನಿಮ್ಮ ಹತ್ರಾನೇ ಇದೆ. ಮತ್ತೆ ಕಳ್ಳ ಹೇಗ್ರೀ ತಗೊಂಡೋದ?'

ಗೊತ್ತಿದ್ದರೆ ನಾನೂ ಹಾಗೇ ಹೋಗಿ ವಾಪಸ್ ತರ್ತಿದ್ನಲ್ಲ ಸಾರ್ ಅನ್ನಬೇಕು ಅನಿಸುತ್ತೆ. ಅನ್ನಬಾರದು. ಫೈಲು ಇನ್ನೂ ಅವರ ಕೈಯಲ್ಲೇ ಇದೆ.