ಭಿಕ್ಷುಕನ ವೇಷದ ಯೇಸು: ಆ ಮೆಸೇಜ್ ಬಗ್ಗೆ ಸ್ಪಷ್ಟನೆ

ಕಾರವಾರದ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಯೇಸು ಭಿಕ್ಷುಕನ ವೇಷದಲ್ಲಿ ಬರುತ್ತಾನೆ, ಗುರುತು ಹಿಡಿದು ಸಹಾಯ ಮಾಡಿದವರಿಗೆ ಮಾತ್ರ ಆಶೀರ್ವಾದ, ಇದು ಬೈಬಲಿನಲ್ಲೇ ಇದೆ ಅಂತ. ಹಾಗೇನೂ ಇಲ್ಲ.

ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಪುಸ್ತಕಗಳಲ್ಲೊಂದಾದ ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ, 31ರಿಂದ 46ನೇ ವಚನ ತೆಗೆದು ಓದಿ. ಹಸಿದವರು, ಬಾಯಾರಿದವರು, ಪರಊರಿನವರು, ಬಟ್ಟೆ ಇಲ್ಲದವರು, ಕಾಯಿಲೆಯವರು, ಜೈಲಿನಲ್ಲಿರುವವರು. ಇವರಿಗೆ ಮಾಡಿದ್ದು ನನಗೇ ಮಾಡಿದಂತೆ ಎನ್ನುತ್ತಾನೆ ಯೇಸು. ಆಗ ಸಹಾಯ ಮಾಡಿದವರು ಏನು ಕೇಳುತ್ತಾರೆ ಗೊತ್ತಾ? ನಿನ್ನನ್ನು ನಾವು ಯಾವಾಗ ನೋಡಿದೆವು ಸ್ವಾಮಿ, ಅಂತ! ಅವರಿಗೆ ಗುರುತೇ ಸಿಕ್ಕಿರಲಿಲ್ಲ. ಎದುರಿಗಿದ್ದವನಿಗೆ ಹಸಿವಾಗಿತ್ತು, ಊಟ ಕೊಟ್ಟರು, ಅಷ್ಟೆ. ಬೈತಖೋಲ ಬಂದರಿನಲ್ಲಿ ಬಲೆ ಎಳೆಯಲು ಬಂದ ಬೇರೆ ರಾಜ್ಯದ ಹುಡುಗ, ಭಾಷೆ ಬಾರದೆ ಔಷಧಿ ಅಂಗಡಿ ಮುಂದೆ ಚೀಟಿ ಹಿಡಿದು ನಿಂತಿರುತ್ತಾನಲ್ಲ, ಅವನೂ ಈ ಪಟ್ಟಿಯವನೇ. ಅವನು ಭಿಕ್ಷುಕನೇ ಆಗಬೇಕೆಂದಿಲ್ಲ.

ಮೆಸೇಜ್ ಜೊತೆಗಿರುವ ಚಿತ್ರವೂ ಬೈಬಲಿನದ್ದಲ್ಲ. ಕುದುರೆ ಮೇಲೆ ಕೂತು ಮೇಲಂಗಿ ಕತ್ತರಿಸುತ್ತಿರುವ ಸೈನಿಕ 4ನೇ ಶತಮಾನದ ಸಂತ ಮಾರ್ಟಿನ್. ಚಳಿಗೆ ನಡುಗುತ್ತಿದ್ದ ಬಡವನಿಗೆ ಅರ್ಧ ಅಂಗಿ ಕೊಟ್ಟರು. ಅದೇ ಅಂಗಿ ತೊಟ್ಟ ಯೇಸು ಕನಸಿನಲ್ಲಿ ಕಂಡದ್ದು ಆ ರಾತ್ರಿ, ಅಂದರೆ ಕೊಟ್ಟ ಮೇಲೆ.

ಇನ್ನು ಆ ಮೆಸೇಜ್‌ನಲ್ಲಿರುವ, ಎಲ್ಲ ಮನುಷ್ಯರೂ ದೇವರೇ ಎಂಬ ಸಾಲು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡ 1:27 ಹೇಳುವುದು ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದ ಅಂತ. ಎರಡೂ ಒಂದೇ ಅಲ್ಲ.

ಹನ್ನೊಂದು ಜನರಿಗೆ ಕಳಿಸಿದರೆ ಶುಭವಾಗುತ್ತದೆ ಅಂತ ಕೊನೆಗೆ ಸೇರಿಸಿದ್ದಾರಲ್ಲ, ಅದಂತೂ ಯಾವ ಸುವಾರ್ತೆಯಲ್ಲೂ ಇಲ್ಲ.